ಸ್ವಚ್ಛ ಜಾಗದ ಕಡ್ಡಿ

ಮೊದಲು ಸ್ವಚ್ಛ ಜಾಗ, ಆಮೇಲೆ ಕೊಳೆ ಜಾಗ. ಅಪರಾಧ ನಡೆದ ಸ್ಥಳದಲ್ಲಿ ಮಾದರಿ ತೆಗೆಯುವವರಿಗೆ ನಾನು ಹೇಳಿಕೊಡುತ್ತಿದ್ದ ಮೊದಲ ನಿಯಮ ಇದು. ಕಲೆ ಕಾಣುವ ಕಡೆ ಕೈ ಹಾಕುವ ಮುಂಚೆ, ಏನೂ ಇಲ್ಲದ ಜಾಗವನ್ನು ಹತ್ತಿಯ ಕಡ್ಡಿಯಿಂದ ಒರೆಸಿ ಪರೀಕ್ಷೆ ಮಾಡಬೇಕು. ರಕ್ತವಿದ್ದರೆ ಕಡ್ಡಿ ಬಣ್ಣಕ್ಕೆ ತಿರುಗುವ ಪರೀಕ್ಷೆ ಇದು; ಸ್ವಚ್ಛ ಜಾಗದಲ್ಲಿ ಬಣ್ಣ ಬರಬಾರದು. ಬರದಿದ್ದರೆ ಮಾತ್ರ ಕಲೆಯ ಮೇಲೆ ಬಂದ ಬಣ್ಣಕ್ಕೆ ಅರ್ಥವಿರುತ್ತದೆ. ಮಿಲಿಟರಿ ಪೊಲೀಸಿನ ತನಿಖಾ ವಿಭಾಗದಲ್ಲಿ ಇದ್ದಷ್ಟು ಕಾಲವೂ ಈ ಸ್ವಚ್ಛ ಜಾಗದ ಕಡ್ಡಿ ನನಗೆ ಬೇಸರದ ಕೆಲಸವಾಗಿತ್ತು. ಮಾಡಲೇಬೇಕು, ಆದರೆ ಏನೂ ಸಿಗುವುದಿಲ್ಲ. ಈ ಬೇಸಿಗೆಯ ಆರಂಭದಲ್ಲಿ ನಾಗಪುರದ ಒಂದು ಫ್ಲ್ಯಾಟಿನಲ್ಲಿ, ಕ್ಯಾಮೆರಾದ ಮುಂದೆ, ನನ್ನ ಕೈಯಲ್ಲಿದ್ದ ಅದೇ ಕಡ್ಡಿ ಗುಲಾಬಿ ಬಣ್ಣಕ್ಕೆ ತಿರುಗಿತು. ಆ ಗಾಬರಿಯಿಂದ ನಾನು ಇನ್ನೂ ಪೂರ್ತಿ ಹೊರಬಂದಿಲ್ಲ. ಆದದ್ದನ್ನು ಆದ ಕ್ರಮದಲ್ಲೇ ಬರೆಯುತ್ತೇನೆ.

ನಾಗಪುರದ ಪಕ್ಕದ ಕಾಮಠಿಯ ಸೇನಾ ನೆಲೆಯಲ್ಲಿ ಸೇವೆ ಮುಗಿಸಿ, ನಾಗಪುರದ ಲಕ್ಷ್ಮೀ ನಗರ ಬಡಾವಣೆಯಲ್ಲಿ ನೆಲೆಸಿರುವ ನನಗೆ ಈ ಕೆಲಸ ಕನ್ನಡದಿಂದಾಗಿ ಬಂತು. ನಗರದ ಒಂದು ಸಣ್ಣ ಸಂಸ್ಥೆ, ಅಪರಾಧಶಾಸ್ತ್ರ ಓದುವವರಿಗಾಗಿ ಹಲವು ಭಾಷೆಗಳಲ್ಲಿ ಉಚಿತ ಆನ್‌ಲೈನ್ ಪಾಠಗಳನ್ನು ಸಿದ್ಧಪಡಿಸುತ್ತಿತ್ತು. ಕನ್ನಡ ವಿಭಾಗವನ್ನು ನೋಡಿಕೊಳ್ಳುತ್ತಿದ್ದವಳು ಬೆಂಗಳೂರಿನಿಂದ ಬಂದ ಒಬ್ಬ ಯುವತಿ. ಪಾಠಗಳನ್ನು ಬರೆಯುತ್ತಿದ್ದವರು ಧಾರವಾಡ ಕಡೆಯ ಒಬ್ಬ ಉಪನ್ಯಾಸಕಿ. ಅವರ ಗಂಡ ವಾಯುಸೇನೆಯಲ್ಲಿದ್ದಾರೆ. ಹಿಂದಿನ ಮಳೆಗಾಲದಲ್ಲಿ ಅವರಿಗೆ ಬೇರೆ ಊರಿಗೆ ವರ್ಗವಾಗಿ, ಮಗನ ಕಾಲೇಜಿಗಾಗಿ ಉಪನ್ಯಾಸಕಿ ಇಲ್ಲಿಯೇ ಉಳಿದಿದ್ದರು. ಬರೆದದ್ದು ಸರಿಯಿದೆಯೇ, ಸ್ಥಳದಲ್ಲಿ ನಿಜವಾಗಿ ಹಾಗೆ ಮಾಡುತ್ತಾರೆಯೇ ಎಂದು ನೋಡುವ ಕೆಲಸ ನನ್ನದು.

ಮೊದಲ ತಿಂಗಳು ಪೂರ್ತಿ ಇಂಟರ್ನೆಟ್ಟಿನಲ್ಲಿ ಈಗಾಗಲೇ ಇರುವ ಪಾಠಗಳನ್ನು ನೋಡಿದೆವು. ಬೆಳಿಗ್ಗೆ ವಾಕಿಂಗ್ ಮುಗಿಸಿ, ಸ್ನಾನ ಮಾಡಿ, ಕಚೇರಿ ಬಾಗಿಲು ತೆಗೆಯುವ ಹೊತ್ತಿಗೆ ನಾನು ಮೆಟ್ಟಿಲ ಮೇಲಿರುತ್ತಿದ್ದೆ. ನೋಡಿದ್ದು ಹೆಚ್ಚಾಗಿ ನಿರಾಸೆಯನ್ನೇ ತಂದಿತು. ಸಂಪೂರ್ಣ ಟಿಪ್ಪಣಿ ಎಂದು ದೊಡ್ಡ ಅಕ್ಷರದಲ್ಲಿ ಬರೆದುಕೊಂಡ ತಾಣಗಳು ಇನ್ನೂ ಹಳೆಯ ದಂಡ ಸಂಹಿತೆಯ ಕಲಂಗಳನ್ನೇ ಕಲಿಸುತ್ತಿದ್ದವು. ಹೊಸ ಕಾನೂನು ಬಂದು, ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನದವರು ಸ್ಥಳಕ್ಕೆ ಬರಬೇಕೆಂದು ಆಗಿರುವುದು ಅವುಗಳಿಗೆ ಗೊತ್ತೇ ಇರಲಿಲ್ಲ. ಇನ್ನು ಕೆಲವು ಪರದೇಶದ ಪಾಠಗಳ ಅನುವಾದ. ನಮ್ಮಲ್ಲಿ ಇಲ್ಲದ ಜ್ಯೂರಿಯ ಮುಂದೆ ಹೇಗೆ ಸಾಕ್ಷಿ ಹೇಳಬೇಕು ಎಂದು ವಿವರಿಸುತ್ತಿದ್ದವು. ಒಂದು ವಿಡಿಯೋದಲ್ಲಿ ಒದ್ದೆ ರಕ್ತದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿದರು. ಅದು ಕಾಗದದ ಚೀಲಕ್ಕೆ ಹೋಗಬೇಕು, ಅದೂ ಒಣಗಿದ ಮೇಲೆ. ರಕ್ತದ ಕಲೆಯ ಪರೀಕ್ಷೆ ತೋರಿಸಿದ ಬಹುತೇಕ ಎಲ್ಲರೂ ಸ್ವಚ್ಛ ಜಾಗದ ಕಡ್ಡಿಯನ್ನು ಬಿಟ್ಟಿದ್ದರು.

"ಸರ್, ಅದು ಬೋರ್ ಅಲ್ವಾ? ಏನೂ ಆಗದೆ ಇರೋದನ್ನ ಯಾರು ನೋಡ್ತಾರೆ?" ಎಂದಳು ಬೆಂಗಳೂರಿನ ಹುಡುಗಿ.

"ಬೋರ್ ಆದ್ರೂ ನೋಡ್ಲಿ. ಇದಿಲ್ಲದ ಪರೀಕ್ಷಿ ಕೋರ್ಟಿನ್ಯಾಗ ನಿಲ್ಲೂದಿಲ್ಲ," ಎಂದೆ.

ಉಪನ್ಯಾಸಕಿ ನನ್ನ ಪಕ್ಷ ವಹಿಸಿದರು. ಅವರು ಬರೆಯುವುದೂ ಅಷ್ಟೇ ಕಟ್ಟುನಿಟ್ಟು. ಕುಟುಂಬದೊಳಗಿನ ಹಿಂಸೆಯ ಪಾಠವನ್ನು, ಹದಿನೆಂಟು ತುಂಬದ ಆರೋಪಿಗಳ ಬಾಲನ್ಯಾಯದ ಪಾಠವನ್ನು ಅವರು ಬರೆದಷ್ಟು ಸ್ಪಷ್ಟವಾಗಿ ನಾನು ಬೇರೆಲ್ಲೂ ಓದಿರಲಿಲ್ಲ. ಪೆಟ್ಟು ತಿಂದವರನ್ನು ಮಾತನಾಡಿಸುವಾಗ ಕೇಳಬೇಕಾದ ಪ್ರಶ್ನೆಗಳನ್ನು ಅವರು ಒಂದೊಂದಾಗಿ ಬರೆದಿದ್ದರು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಮಾತ್ರ ಕೇಳಬೇಡಿ ಎಂದು ಕೊನೆಯಲ್ಲಿ ಸೇರಿಸಿದ್ದರು. ಅದೇ ಪಾಠದಲ್ಲಿ ಒಂದು ಉದ್ದನೆಯ ಭಾಗವಿತ್ತು: ಕೌಟುಂಬಿಕ ಹಿಂಸೆಯ ಕಾಯ್ದೆಯಡಿ ಹೆಂಗಸು ಗಂಡನ ಮೇಲಷ್ಟೇ ಅಲ್ಲ, ಅದೇ ಮನೆಯಲ್ಲಿ ಇರುವ ಬೇರೆ ಗಂಡಸಿನ ವಿರುದ್ಧವೂ ರಕ್ಷಣೆಯ ಆದೇಶ ಕೇಳಬಹುದು, ಅದು ಶಿಕ್ಷೆಯಲ್ಲ, ಆದೇಶ ಮುರಿದರೆ ಮಾತ್ರ ಅಪರಾಧ, ಎಂದೆಲ್ಲ. ಉದ್ದವಾಯಿತು, ಇದು ಕ್ರಿಮಿನಲ್ ವಿಷಯವೂ ಅಲ್ಲ, ತೆಗೆಯಿರಿ ಎಂದು ನಾನು ಗುರುತು ಹಾಕಿದ್ದೆ.

"ಇದೊಂದು ಇರ್ಲಿ ಕಾಕಾ," ಎಂದರು ಅವರು. ಉಳಿದೆಲ್ಲ ತಿದ್ದುಪಡಿಗಳನ್ನು ಒಪ್ಪಿಕೊಂಡವರು ಇದೊಂದನ್ನು ಒಪ್ಪಲಿಲ್ಲ. ಉಳಿಯಿತು.

ರಕ್ತದ ಪರೀಕ್ಷೆಯ ಚಿತ್ರೀಕರಣಕ್ಕೆ ಒಂದು ನಿಜವಾದ ಮನೆ ಬೇಕಾಗಿತ್ತು. ಕಚೇರಿಯ ಗೋಡೆ ಕಚೇರಿಯಂತೆಯೇ ಕಾಣುತ್ತಿತ್ತು. ಗೊತ್ತಿರುವ ಒಂದೆರಡು ಮನೆಗಳನ್ನು ಕೇಳಿದೆವು. ರಕ್ತ ಎಂಬ ಮಾತು ಕಿವಿಗೆ ಬಿದ್ದೊಡನೆ ಬೇಡ ಎಂದರು. ಕೊನೆಗೆ ಹುಡುಗಿ ಉಪನ್ಯಾಸಕಿಯನ್ನೇ ಕೇಳಿದಳು. ಅವರು ಬರೆಯುತ್ತಿದ್ದ ಹಾಳೆಯನ್ನು ಮಡಚಿಟ್ಟು, ಆಗಲಿ ಎಂದರು.

ಈ ಪರೀಕ್ಷೆಗೆ ಕೆಂಪು ಬಣ್ಣದ ನೀರು ನಡೆಯುವುದಿಲ್ಲ, ರಕ್ತವೇ ಬೇಕು. ನಾನು ಮಟನ್ ಅಂಗಡಿಯಿಂದ ಮೇಕೆಯ ರಕ್ತವನ್ನು ಸಣ್ಣ ಬಾಟಲಿಯಲ್ಲಿ ತುಂಬಿಸಿ, ಡಬ್ಬಿಯೊಳಗಿಟ್ಟು ತೆಗೆದುಕೊಂಡು ಹೋದೆ. ಬಾಗಿಲಲ್ಲೇ ಉಪನ್ಯಾಸಕಿ ತಡೆದರು.

"ಕಾಕಾ, ಬರ್ರಿ, ಆದ್ರ ಅದು ಅಡಗಿ ಮನಿ ಕಡೆ ಬರಬಾರದು ನೋಡ್ರಿ. ನಮ್ಮತ್ತಿಗೆ ಗೊತ್ತಾದ್ರ ಮನಿಗೆ ಗಂಗಾಜಲ ತರಸ್ತಾರ."

"ನಿಮ್ಮತ್ತಿ ಎಲ್ಲಿ ಅದಾರ?"

"ಧಾರವಾಡದಾಗ. ಆದ್ರೂ ಗೊತ್ತಾಗ್ತದ ಅವರಿಗೆ."

ಬಾಟಲಿ ಬಾಲ್ಕನಿಯಲ್ಲೇ ಉಳಿಯಿತು. ಅಲ್ಲಿ ಒಂದು ಬಿಡಿ ಟೈಲ್ಸಿನ ಮೇಲೆ ಎರಡು ಹನಿ ಹಾಕಿ ಒಣಗಲು ಬಿಟ್ಟೆ. ಮನೆ ಚೊಕ್ಕಟವಾಗಿತ್ತು. ಗೋಡೆ, ಬಾಗಿಲು ಎಲ್ಲಕ್ಕೂ ಹೊಸ ಬಣ್ಣ.

"ದೀಪಾವಳಿ ಮುಗಿದ ಮ್ಯಾಲೆ ಮಾಡಿಸಿದ್ದು," ಎಂದರು. "ನಮ್ಮವರಿಗೆ ರಜಾ ಸಿಕ್ಕಿಲ್ಲ, ಇನ್ನೂ ಬಂದಿಲ್ಲ. ವಿಡಿಯೋ ಕಾಲ್‌ನ್ಯಾಗ ತೋರಿಸೀನಿ. ಚಲೋ ಬಂದೈತಿ ಅಂದ್ರು."

ಮಗ ಬಂದು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಹತ್ತೊಂಬತ್ತರ ಹುಡುಗ, ಎತ್ತರ, ನಗುಮುಖ. ಹುಟ್ಟಿ ಬೆಳೆದದ್ದು ಸೇನೆಯ ಊರುಗಳಲ್ಲಿ. ಕನ್ನಡ ಓದಲು ಅಷ್ಟಾಗಿ ಬಾರದು, ಮಾತು ಮಾತ್ರ ತಾಯಿಯದೇ. ಕ್ಯಾಮೆರಾದವನೊಂದಿಗೆ ಮರಾಠಿಯಲ್ಲಿ ಹರಟುತ್ತ ಲೈಟಿನ ವೈರು ಎಳೆದುಕೊಟ್ಟ. ಹೊರಗೆ ಹೋಗಿ ಎಲ್ಲರಿಗೂ ತರ್ರಿ ಪೋಹಾ, ಅಂದರೆ ಖಾರದ ರಸ ಸುರಿದ ನಾಗಪುರದ ಅವಲಕ್ಕಿ, ತಂದ.

"ಅಜ್ಜಾ, ತರ್ರಿ ಪೋಹಾ. ಜಲ್ದಿ ತಿನ್ರಿ, ಥಂಡಾ ಆದ್ರ ಮಜಾ ಇಲ್ಲ."

ಖಾರ ಕಣ್ಣಲ್ಲಿ ನೀರು ತರಿಸಿತು. ಅವನು ನಕ್ಕು ನೀರಿನ ಲೋಟ ಕೊಟ್ಟ. ಇಂಥ ಮೊಮ್ಮಗ ನನಗೂ ಇರಬೇಕಿತ್ತು ಅನ್ನಿಸಿತು. ಅದನ್ನು ಅವನ ತಾಯಿಗೆ ಹೇಳಿಯೂ ಹೇಳಿದೆ. ಅವರು ತಲೆಯಾಡಿಸಿ ತಟ್ಟೆಗಳನ್ನು ಎತ್ತಿಕೊಂಡು ಹೋದರು.

ಆ ದಿನ ಚಿತ್ರೀಕರಣ ಆಗಲಿಲ್ಲ. ಈ ಪರೀಕ್ಷೆಯಲ್ಲಿ ಕಡ್ಡಿಯ ಮೇಲೆ ಮೊದಲು ಒಂದು ಹನಿ ಆಲ್ಕೋಹಾಲ್, ಆಮೇಲೆ ಒಂದು ಹನಿ ಬಣ್ಣರಹಿತ ರಾಸಾಯನಿಕ, ಕೊನೆಗೆ ಒಂದು ಹನಿ ಹೈಡ್ರೋಜನ್ ಪೆರಾಕ್ಸೈಡ್. ರಕ್ತವಿದ್ದರೆ ಆ ಕೊನೆಯ ಹನಿಗೆ ಕಡ್ಡಿ ಥಟ್ಟನೆ ಗುಲಾಬಿಯಾಗುತ್ತದೆ. ಕ್ಯಾಮೆರಾ ಶುರು ಮಾಡುವ ಮುಂಚೆ, ಟೈಲ್ಸಿನ ಮೇಲಿನ ರಕ್ತದಿಂದ ಔಷಧಿಗಳನ್ನೇ ಪರೀಕ್ಷಿಸುವುದು ನನ್ನ ಪದ್ಧತಿ. ನಿಜವಾದ ರಕ್ತಕ್ಕೂ ಕಡ್ಡಿ ಬೆಳ್ಳಗೇ ಉಳಿಯಿತು. ನಾಗಪುರದ ಬಿಸಿಗೆ ಪೆರಾಕ್ಸೈಡ್ ಸತ್ತುಹೋಗಿತ್ತು.

"ಅಜ್ಜಾ, ನಿಮ್ಮ ಕೆಮಿಕಲ್ ರಿಟೈರ್ ಆಗೇತಿ," ಎಂದ ಹುಡುಗ.

"ಅದಕ್ಕ ಪೆನ್ಶನ್ ಇಲ್ಲ ನೋಡಪ್ಪಾ. ಹೊಸಾದು ತರೂಣು," ಎಂದೆ. ಎಲ್ಲರೂ ನಕ್ಕರು.

ಸಾಮಾನು ಕಟ್ಟುವಾಗ ಒಂದು ಸಣ್ಣ ಸಂಗತಿ ನಡೆಯಿತು. ಕೆಳಗೆ ನಮ್ಮ ಗಾಡಿಗೆ ಅಡ್ಡವಾಗಿದ್ದ ಬೈಕನ್ನು ಸರಿಸಲು ತಾಯಿ ಮಗನಿಗೆ ಹೇಳಿದರು. ಅವನು ಮೊಬೈಲಿನಿಂದ ತಲೆ ಎತ್ತಿ ಅವರನ್ನು ನೋಡಿದ, ಅಷ್ಟೇ. ಅವರು ತಟ್ಟನೆ ಒಂದು ಹೆಜ್ಜೆ ಹಿಂದೆ ಸರಿದು, "ಇರ್ಲಿ ಬಿಡು, ನಾನೇ ಸರಸ್ತೀನಿ," ಎಂದು ಕೀಲಿ ತೆಗೆದುಕೊಂಡರು. ತಾಯಂದಿರು ಮಕ್ಕಳನ್ನು ಹೀಗೇ ಹಾಳುಮಾಡುವುದು ಎಂದುಕೊಂಡು ನಾನು ಮೆಟ್ಟಿಲಿಳಿದೆ.

ಮುಂದಿನ ವಾರ ಹೊಸ ಪೆರಾಕ್ಸೈಡನ್ನು ಐಸಿನ ಡಬ್ಬಿಯಲ್ಲಿಟ್ಟುಕೊಂಡು ಮತ್ತೆ ಅದೇ ಮನೆಗೆ ಹೋದೆವು. ಹೊಸ ಕೈಗವಸು, ಹೊಸ ಕಡ್ಡಿಗಳು. ಟೈಲ್ಸು ಮುಚ್ಚಿದ ಡಬ್ಬಿಯೊಳಗಿತ್ತು. ಕಚೇರಿಯಲ್ಲೇ ಔಷಧಿಗಳನ್ನು ಪರೀಕ್ಷಿಸಿಕೊಂಡು ಬಂದಿದ್ದೆ. ಇವತ್ತು ಮೊದಲ ದೃಶ್ಯವೇ ಸ್ವಚ್ಛ ಜಾಗದ ಕಡ್ಡಿ.

ಹುಡುಗಿ ನಡುಮನೆಯ ಬಾಗಿಲನ್ನು ನೋಡಿ ಬೆಳಕಿಲ್ಲ ಎಂದಳು. ಮಲಗುವ ಕೋಣೆಯ ಬಾಗಿಲ ಒಳಬದಿಗೆ ಕಿಟಕಿಯ ಬೆಳಕು ಚೆನ್ನಾಗಿ ಬೀಳುತ್ತಿತ್ತು.

"ಆ ಬಾಗಲಾ ಬ್ಯಾಡವಾ," ಎಂದರು ಉಪನ್ಯಾಸಕಿ. "ಒಳಗ ಹಾಸಿಗಿ ಎಲ್ಲಾ ಹರವೇತಿ."

"ಹಾಸಿಗೆ ಫ್ರೇಮಲ್ಲಿ ಬರಲ್ಲ ಮೇಡಂ, ಬರೀ ಬಾಗಿಲು. ಕ್ಲೀನ್ ಇದೆ ತಾನೆ?"

"ಕ್ಲೀನ್ ಐತಿ," ಎಂದರು. ದಾರಿ ಬಿಡುತ್ತ, "ನಾನೇ ಒರಸೀನಿ," ಎಂದರು.

ಆ ಬಾಗಿಲಿಗೆ ಒಳಗಿನಿಂದ ಎರಡು ಚಿಲಕಗಳಿದ್ದವು. ಕೆಳಗಿನದು ಹಳೆಯದು, ಬಣ್ಣ ಮೆತ್ತಿಕೊಂಡದ್ದು. ಮೇಲಿನದು ಹೊಸ ಸ್ಟೀಲಿನದು, ಬಣ್ಣದ ಮೇಲೆ ಕೂಡಿಸಿದ್ದು. ಗಂಡ ಊರಲ್ಲಿಲ್ಲದ ಮನೆ, ಕಳ್ಳರ ಭಯವಿರಬೇಕು ಎಂದುಕೊಂಡೆ. ಕೈ ಆಡುವ ಎತ್ತರವೆಂದು ಮೇಲಿನ ಚಿಲಕದ ಪಕ್ಕದ ಅಂಚನ್ನೇ ಆರಿಸಿದೆ. ಕಣ್ಣಿಗೆ ಅಲ್ಲಿ ಏನೂ ಇರಲಿಲ್ಲ, ಹಾಲಿನ ಕೆನೆಯಂಥ ಬಣ್ಣ ಬಿಟ್ಟರೆ.

"ರೋಲಿಂಗ್, ಸಾಹೇಬ್," ಎಂದ ಕ್ಯಾಮೆರಾದವನು.

ಕಡ್ಡಿಯನ್ನು ಶುದ್ಧ ನೀರಿನಲ್ಲಿ ಅದ್ದಿ ಅಂಚಿನ ಮೇಲೆ ಉರುಳಿಸಿದೆ. ಆಲ್ಕೋಹಾಲ್. ರಾಸಾಯನಿಕ. ಕಾದೆ, ಬಣ್ಣವಿಲ್ಲ. "ಈಗ ಕೊನೆಯ ಹನಿ. ಇಲ್ಲಿ ಬಣ್ಣ ಬರಬಾರದು," ಎಂದು ಕ್ಯಾಮೆರಾಗೆ ಹೇಳುತ್ತ ಪೆರಾಕ್ಸೈಡ್ ಹಾಕಿದೆ.

ನನ್ನ ವಾಕ್ಯ ಮುಗಿಯುವ ಮೊದಲೇ ಹತ್ತಿ ಗುಲಾಬಿಯಾಯಿತು.

ನಡುಮನೆಯ ಸೋಫಾದಿಂದ ಮಗ ಎದ್ದು ಬಂದು ಬಾಗಿಲ ಹೊರಗೆ ನಿಂತ. "ಇವತ್ತೂ ಖರಾಬ್ ಏನು, ಅಜ್ಜಾ?" ಎಂದ. ಅವನ ಧ್ವನಿಯಲ್ಲಿ ಹೋದ ವಾರದ ನಗುವಿತ್ತು. ಆಮೇಲೆ ಕಡ್ಡಿಯನ್ನು ನೋಡಿದ, ಚಿಲಕವನ್ನು ನೋಡಿದ. ನಗು ಹೋಯಿತು. "ಕ್ಲಾಸ್ ಐತಿ," ಎಂದು ಯಾರಿಗೂ ಅಲ್ಲದೆ ಹೇಳಿ ಕೆಳಗಿಳಿದು ಹೋದ. ಬೈಕಿನ ಸದ್ದು ಕೇಳಿಸಿತು. ಹೆಲ್ಮೆಟ್ ಸೋಫಾದ ಮೇಲೇ ಉಳಿದಿತ್ತು.

ನನಗೆ ಆ ಹೊತ್ತಿಗೂ ಅದು ಬರಿಯ ಲೆಕ್ಕ. ಎಲ್ಲಿ ತಪ್ಪಿತು ಎಂಬುದೊಂದೇ ತಲೆಯಲ್ಲಿ. ಬಳಸದ ಕಡ್ಡಿಯೊಂದಕ್ಕೆ ಮೂರೂ ಹನಿ ಹಾಕಿದೆ, ಬಿಳಿ. ಸ್ಟೀಲಿನ ತುಕ್ಕು ಇರಬಹುದೆಂದು ಬಚ್ಚಲ ಬಾಗಿಲ ಚಿಲಕವನ್ನು ನೋಡಿದೆ, ಬಿಳಿ. ನಡುಮನೆಯ ಬಾಗಿಲು, ಬಿಳಿ. ಬ್ಲೀಚಿಂಗ್ ಪುಡಿಯಾಗಿದ್ದರೆ ಪೆರಾಕ್ಸೈಡಿಗೆ ಮುಂಚೆಯೇ ಬಣ್ಣ ಬರುತ್ತಿತ್ತು, ಬಂದಿರಲಿಲ್ಲ. ಮೇಕೆಯ ರಕ್ತ ಮುಚ್ಚಿದ ಡಬ್ಬಿಯಿಂದ ಹೊರಗೇ ಬಂದಿರಲಿಲ್ಲ. ಮತ್ತೆ ಅದೇ ಬಾಗಿಲಿಗೆ ಹೊಸ ಕಡ್ಡಿ, ಈ ಸಲ ಚಿಲಕದ ತಗಡಿನ ಅಡಿಯ ಸಂದಿನಲ್ಲಿ. ಇನ್ನೂ ಗಾಢ ಗುಲಾಬಿ.

"ಮೂಲಂಗಿ ಹೆಚ್ಚಿದ್ದೆ ಕಾಕಾ," ಎಂದರು ಉಪನ್ಯಾಸಕಿ. "ಕೈ ಹತ್ತಿರಬೇಕು."

"ಮೂಲಂಗಿಗೂ ಬಣ್ಣ ಬರ್ತದ ಖರೆ, ಆದ್ರ ತರಕಾರಿದು ಹಿಂಗ ಒಮ್ಮೆಲೇ ಬರೂದಿಲ್ಲ ಮೇಡಂ. ಸಾವಕಾಶ ಬರ್ತದ. ಇದು..." ಎಂದು ಶುರು ಮಾಡಿದೆ.

ಅಲ್ಲಿಗೆ ನಿಲ್ಲಿಸಿದೆ. ಅವರು ಹಾಸಿಗೆಯ ಅಂಚಿನಲ್ಲಿ ಕೂತಿದ್ದರು. ಕಡ್ಡಿಯ ಕಡೆ ಅವರ ಕಣ್ಣೇ ಇರಲಿಲ್ಲ. ಹೊರಬಾಗಿಲ ಕಡೆ ನೋಡುತ್ತಿದ್ದರು. ನಾನು ಅವರಿಗೆ ಪಾಠ ಹೇಳುತ್ತಿದ್ದೆ.

ಆಗ ಉಳಿದ ಲೆಕ್ಕ ತಾನಾಗಿ ಕೂಡಿಕೊಂಡಿತು. ಈ ಗುಲಾಬಿ ಬಣ್ಣ ರಕ್ತ ಇರಬಹುದು ಎಂದಷ್ಟೇ ಹೇಳುತ್ತದೆ. ಯಾರದು, ಯಾಕೆ ಎಂದು ಹೇಳುವುದಿಲ್ಲ. ಆದರೆ ಬಾಗಿಲ ಬಣ್ಣ ದೀಪಾವಳಿಯ ಆಮೇಲಿನದು. ಚಿಲಕ ಅದಕ್ಕಿಂತಲೂ ಹೊಸದು. ಗಂಡ ಮಳೆಗಾಲದಲ್ಲಿ ಹೋದವರು ಬಂದಿಲ್ಲ. ಈ ಮನೆಯಲ್ಲಿ ಇರುವವರು ಇಬ್ಬರೇ. ಚಿಲಕ ಇರುವುದು ಒಳಗೆ. ಹೋದ ವಾರ ನೀರು ಕೊಟ್ಟ ಕೈ ನೆನಪಾಯಿತು. ಕೈಯಲ್ಲಿದ್ದ ಕಡ್ಡಿಯನ್ನು ಕೆಳಗಿಟ್ಟೆ. ಅಪರಿಚಿತರ ಮನೆಗಳಲ್ಲಿ ಇದಕ್ಕಿಂತ ಭೀಕರವಾದುದನ್ನು ನೋಡಿ, ಅಲ್ಲೇ ನಿಂತು ಚಹಾ ಕುಡಿದಿದ್ದೇನೆ. ಇಲ್ಲಿ ಕಣ್ಣಿಗೆ ಒಂದು ಕಲೆಯೂ ಕಾಣುತ್ತಿರಲಿಲ್ಲ.

ಕ್ಯಾಮೆರಾದವನನ್ನು ಚಹಾಕ್ಕೆ ಕಳಿಸಿದೆ. ಹುಡುಗಿಗೆ ಇನ್ನೂ ತಿಳಿದಿರಲಿಲ್ಲ. "ಮೇಡಂ, ನಿಮ್ಮವರು..." ಎಂದು ಆರಂಭಿಸಿ, ಅವರು ಊರಲ್ಲೇ ಇಲ್ಲ ಎಂಬುದು ನೆನಪಾಗಿ, ಸೋಫಾದ ಮೇಲಿನ ಹೆಲ್ಮೆಟ್ ನೋಡಿ ಬಾಯಿ ಮುಚ್ಚಿಕೊಂಡಳು.

ನಾನು ಕುರ್ಚಿ ಎಳೆದುಕೊಂಡು, ಬಾಗಿಲಿಗೆ ಅಡ್ಡವಾಗದಂತೆ ಕೂತೆ. ಹೀಗೆ ಕೂರಬೇಕು ಎಂಬುದೂ ಅವರ ಪಾಠದಲ್ಲಿತ್ತು.

"ಈಗ, ಈ ಹೊತ್ತಿಗೆ, ಈ ಮನಿಯೊಳಗ ನಿಮಗ ಅಪಾಯ ಐತೇನು?" ಎಂದು ಕೇಳಿದೆ.

ಅವರು ತಲೆ ಎತ್ತಿದರು. "ಇದು ನಾ ಬರದ ಪ್ರಶ್ನಿ ಕಾಕಾ."

"ಹೌದು. ನನಗ ಬ್ಯಾರೆ ಗೊತ್ತಿಲ್ಲ."

ಹಾಸಿಗೆಯ ಚಾದರದ ಸುಕ್ಕು ತಿದ್ದುತ್ತ, "ಐತಿ," ಎಂದರು.

"ನೀವು ಪೆಟ್ಟು ತಿಂದೀರೇನು? ಡಾಕ್ಟರಿಗೆ ತೋರಿಸೂದು ಐತೇನು?"

ಕಿವಿಯ ಮೇಲಿನ ಕೂದಲನ್ನು ಸರಿಸಿ ತೋರಿಸಿದರು. ಹೊಲಿಗೆ ಹಾಕಿದ ಗುರುತು. ಸಂಕ್ರಾಂತಿಯ ಹೊತ್ತಿಗೆ ಸ್ಕೂಟಿಯಿಂದ ಬಿದ್ದೆ ಎಂದು ಅವರು ರಜೆ ಹಾಕಿದ್ದು ನನಗೆ ನೆನಪಿತ್ತು. ನಿಧಾನ ಓಡಿಸಿರಿ ಎಂದು ಬುದ್ಧಿ ಹೇಳಿದ್ದೆ.

"ಕೆಳಗಿನ ಚಿಲಕಾ ಒದ್ದು ತಗದಿದ್ದ ಒಮ್ಮೆ. ಅದಕ್ಕ ಮ್ಯಾಲಿಂದು ಹಾಕಿಸಿದೆ. ಈ ಪೆಟ್ಟು ಬಿದ್ದ ದಿನ ಕಿವಿ ಹಿಡಕೊಂಡು ಒಳಗ ಬಂದೆ. ಚಿಲಕಾ ಹಾಕಬೇಕಂದ್ರ ಕೈ ಜಾರ್ತಿತ್ತು, ಹತ್ತವಲ್ದು. ಆಮ್ಯಾಲೆ ಅವನೇ ಹೊರಗ ಕುಂತು ಅತ್ತ. ಅವನೇ ಆಸ್ಪತ್ರಿಗೆ ಕರಕೊಂಡು ಹೋದ." ಅವರ ದನಿ ತರಗತಿಯಲ್ಲಿ ಇರುವಂತೆಯೇ ಸಮವಾಗಿತ್ತು. "ಬಾಗಲಾ ನಾನು ಬರೋಬರ್ ಒರಸಿದ್ದೆ ಕಾಕಾ. ಎರಡು ಸಲ."

ಹುಡುಗಿ ಅಳುತ್ತಿದ್ದಳು. ಪಾಠ ಕೇಳಬೇಡಿ ಎಂದಿದ್ದ ಪ್ರಶ್ನೆಯನ್ನು ನಾನು ಕೇಳಲಿಲ್ಲ. ಅವರೇ ಅದಕ್ಕೆ ಉತ್ತರ ಕೊಟ್ಟರು.

"ಮೊದಲ ಸಲ ಕೈ ಎತ್ತಿದಾಗ ಅವನಿಗೆ ಹದಿನೇಳು. ಆಗ ಹೇಳಿದ್ರ ಬಾಲನ್ಯಾಯ ಮಂಡಳಿ, ಸಮಾಲೋಚನೆ, ಹೊರಗ ಹೆಸರು ಬರೂದಿಲ್ಲ. ಎಲ್ಲಾ ನಾನೇ ಬರದೀನಲ್ಲ. ತಾನಾಗಿ ಬಿಡ್ತಾನ ಅಂತ ಕಾದೆ. ಹದಿನೆಂಟರ ಹುಟ್ಟಿದ ದಿನ ಅವ ಕೇಕ್ ಕೊಯ್ಯಾಕತ್ತಿದ್ದ, ನಾ ಚಪ್ಪಾಳಿ ಹೊಡಕೋತ ಅದನ್ನೇ ವಿಚಾರ ಮಾಡಾಕತ್ತಿದ್ದೆ. ಇವತ್ತಿಂದ ಕೈ ಎತ್ತಿದ್ರ ಅದು ದೊಡ್ಡವರ ಕೇಸು. ಹೇಳಿದ್ರ ಇವನ ನೌಕರಿ, ಪಾಸ್‌ಪೋರ್ಟ್ ಎಲ್ಲಾ ಮುಗೀತು ಅಂತ."

ಅಪರಾಧ ನ್ಯಾಯವ್ಯವಸ್ಥೆಯನ್ನು ಕಲಿಸುವವರು ಅದು ಗೊತ್ತಿರುವ ಕಾರಣಕ್ಕೇ ಬಾಯಿ ಮುಚ್ಚಿದ್ದರು. ಈ ಮಾತು ನನ್ನನ್ನು ಕಡ್ಡಿಯ ಬಣ್ಣಕ್ಕಿಂತ ಹೆಚ್ಚು ತಲ್ಲಣಗೊಳಿಸಿತು.

ಹುಡುಗಿ ಕಣ್ಣೊರೆಸಿಕೊಂಡು ಕ್ಯಾಮೆರಾದ ಕಡೆ ಹೋದಳು. "ಮೇಡಂ, ಈ ಕ್ಲಿಪ್ ಡಿಲೀಟ್ ಮಾಡಿಬಿಡ್ತೀನಿ. ನಾವ್ಯಾರೂ ಏನೂ ನೋಡಿಲ್ಲ. ನಿಮಗೆ ಹೇಗೆ ಬೇಕೋ ಹಾಗೆ."

"ಕೈ ಹಚ್ಚಬ್ಯಾಡ," ಎಂದೆ. ಧ್ವನಿ ಪರೇಡ್ ಮೈದಾನದಷ್ಟು ಏರಿತು.

ನನ್ನ ತರಬೇತಿಯಲ್ಲಿ ಇಂಥದಕ್ಕೆ ಒಂದೇ ದಾರಿ: ಕಂಡದ್ದನ್ನು ಕೂಡಲೇ ಮೇಲಿನವರಿಗೆ ತಿಳಿಸುವುದು. ನಿಜ ಹೇಳಬೇಕೆಂದರೆ ನಾನು ಆಗಲೇ ಮೊಬೈಲ್ ತೆಗೆದಿದ್ದೆ. ಠಾಣೆಯ ನಂಬರ್ ಪರದೆಯ ಮೇಲಿತ್ತು. ಉಪನ್ಯಾಸಕಿ ಅದನ್ನು ನೋಡಿದರು. ಮಗನ ಬೈಕಿನ ಸದ್ದಿಗೆ ಹೆದರುವವರು ಹೇಗೆ ನೋಡುತ್ತಾರೋ ಹಾಗೆ ನನ್ನ ಕೈಯನ್ನು ನೋಡಿದರು. ಇನ್ನೊಬ್ಬ ಗಂಡಸು ಅವರನ್ನು ಕೇಳದೆ ಅವರ ಬಾಗಿಲಿಗೆ ಬಂದು ನಿಂತಂತಾಗಿತ್ತು. ಮೊಬೈಲನ್ನು ಮೇಜಿನ ಮೇಲೆ ಮಗುಚಿ ಇಟ್ಟೆ.

"ನೋಡ್ರಿ ಯವ್ವಾ," ಎಂದೆ. ಅಲ್ಲಿಯವರೆಗೆ ನಾನು ಅವರನ್ನು ಮೇಡಂ ಎಂದೇ ಕರೆದವನು. "ಇದನ್ನ ಅಳಸೂದು ನನ್ನ ಕೈಲೆ ಆಗೂದಿಲ್ಲ. ನಿಮ್ಮನ್ನ ಕೇಳದ ಯಾರಿಗರ ಕೊಡೂದೂ ಆಗೂದಿಲ್ಲ. ಮುಂದಿಂದು ನೀವು ಹೇಳ್ರಿ. ಆದ್ರ ಇವತ್ತ ನೀವು ಈ ಮನಿಯೊಳಗ ಮಲಗೂದು ಬ್ಯಾಡ. ನಮ್ಮ ಮನಿಯಾಕಿ ಅದಾಳ, ಖೋಲಿ ಐತಿ."

ಅವರು ಎದ್ದು ಬಾಗಿಲ ಮುಂದೆ ನಿಂತರು. "ಇದೊಂದು ಇರ್ಲಿ ಅಂದಿದ್ದೆನಲ್ಲ ಕಾಕಾ, ಆ ಭಾಗ," ಎಂದರು. "ರಕ್ಷಣೆಯ ಆದೇಶದ್ದು. ನೀವು ಉದ್ದಾತು ಅಂದ್ರಿ. ದಿನಾ ಅದನ್ನೇ ಓದ್ತಿದ್ದೆ. ಅವನ್ನ ಜೈಲಿಗೆ ಕಳಸದ ನನ್ನಿಂದ ದೂರ ಇಡೂ ದಾರಿ ಅದೊಂದೇ. ಆದ್ರ ಅರ್ಜಿ ಕೊಡಬೇಕಂದ್ರ ಹಿಂಗಾತು ಅಂತ ಹೇಳಬೇಕು. ಅದನ್ನ ಹೇಳಾಕ ಆಗಿರಲಿಲ್ಲ."

ಅವರು ಕೈಗವಸು ಕೇಳಿದರು. ಹೊಸ ಕಡ್ಡಿ ತೆಗೆದು, ಚಿಲಕದ ತಗಡಿನ ಇನ್ನೊಂದು ಅಂಚನ್ನು ತಾವೇ ಒರೆಸಿ, ಒಣಗಲು ಬಿಟ್ಟು, ಕಾಗದದ ಲಕೋಟೆಗೆ ಹಾಕಿದರು. ಪ್ಲಾಸ್ಟಿಕ್ ಅಲ್ಲ, ಕಾಗದ. ನಾನು ಪಕ್ಕದಲ್ಲಿ ನಿಂತಿದ್ದೆ. ತಿದ್ದಲು ಏನೂ ಇರಲಿಲ್ಲ. ಆಮೇಲೆ ಗಂಡನಿಗೆ ವಿಡಿಯೋ ಕಾಲ್ ಮಾಡಿ ಮೊಬೈಲನ್ನು ಬಾಗಿಲ ಕಡೆ ತಿರುಗಿಸಿದರು.

"ಈ ಎರಡನೇ ಚಿಲಕಾ ಕಾಣಸ್ತೈತೇನ್ರಿ?"

"ಕಾಣಸ್ತೈತಿ. ಕಳ್ಳರಿಗೆ ಅಂತ ಹಾಕಿಸೀನಿ ಅಂದಿದ್ದಿ."

"ಹಂಗ ಹೇಳಿದ್ದೆ," ಎಂದರು. ಆಮೇಲೆ ಎಲ್ಲವನ್ನೂ ಹೇಳಿದರು. ನಾನು ಹುಡುಗಿಯನ್ನು ಕರೆದುಕೊಂಡು ಬಾಲ್ಕನಿಗೆ ಹೋದೆ.

ಅವರು ನಮ್ಮ ಮನೆಗೆ ಬಂದರು. ಗಂಡ ರಜೆ ಹಾಕಿ ವಿಮಾನದಲ್ಲಿ ಬಂದಿಳಿದರು. ವೈದ್ಯಕೀಯ ದಾಖಲೆ, ಕೌಟುಂಬಿಕ ಹಿಂಸೆಯ ದೂರುಗಳನ್ನು ನೋಡುವ ರಕ್ಷಣಾಧಿಕಾರಿಯ ಕಚೇರಿ, ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ, ಎಲ್ಲವೂ ಪಾಠದಲ್ಲಿ ಬರೆದ ಕ್ರಮದಲ್ಲೇ ಆದವು, ಪಾಠದಲ್ಲಿ ಇರುವುದಕ್ಕಿಂತ ಬಹಳ ನಿಧಾನವಾಗಿ. ಒಂದು ಸಲ ರಕ್ಷಣಾಧಿಕಾರಿ ಸಿಗಲಿಲ್ಲ. ಇನ್ನೊಂದು ಸಲ ಗುಮಾಸ್ತ ಎದುರುದಾರನ ಜಾಗದಲ್ಲಿ ಗಂಡನ ಹೆಸರನ್ನು ಬರೆದುಬಿಟ್ಟಿದ್ದ. ಮಗ ಎಂದು ಅವರು ಮೂರು ಸಲ ಹೇಳಬೇಕಾಯಿತು, ಜನರಿದ್ದ ಕೋಣೆಯಲ್ಲಿ. ಕೊನೆಗೆ ಮಗ ತಾಯಿಯ ಮನೆಗೆ ಬರಕೂಡದು, ಸಮಾಲೋಚನೆಗೆ ಹೋಗಬೇಕು ಎಂದು ಆದೇಶವಾಯಿತು.

ಅದಕ್ಕೂ ಮುಂಚೆ ಒಂದು ದಿನ ತಂದೆ ಮಗ ಇಬ್ಬರೂ ಉಪನ್ಯಾಸಕಿಯ ಬಟ್ಟೆಯ ಚೀಲ ಕೊಡಲು ನಮ್ಮ ಮನೆಗೆ ಬಂದಿದ್ದರು. ತಂದೆ ಒಳಗೆ ಬಂದರು. ಹುಡುಗ ಗೇಟಿನ ಹೊರಗೇ ನಿಂತ. ನಾನು ಹೋಗಿ ಚೀಲ ತೆಗೆದುಕೊಂಡೆ. ಕಾಲು ಮುಟ್ಟಲು ಅವನು ಬಗ್ಗಲಿಲ್ಲ. ನಾನೂ ಕೈ ಎತ್ತಲಿಲ್ಲ.

"ಅಜ್ಜಾ, ಮಮ್ಮಿ ಊಟಾ ಮಾಡ್ಯಾಳೇನು?" ಎಂದು ಕೇಳಿದ.

"ಮಾಡ್ಯಾಳ," ಎಂದೆ. ಅವನು ಸುಳ್ಳಿಗೆ ಕೇಳಿರಲಿಲ್ಲ. ಆ ಕಾಳಜಿಯನ್ನು ಎಲ್ಲಿಡಬೇಕು ಎಂದು ನನಗೆ ಇವತ್ತಿಗೂ ತಿಳಿದಿಲ್ಲ.

ಈಗ ಅವನು ತಂದೆಯ ಊರಿನಲ್ಲಿದ್ದಾನೆ. ಸಮಾಲೋಚನೆಗೆ ಹೋಗುತ್ತಾನೆ ಎಂದು ತಂದೆ ಹೇಳುತ್ತಾರೆ. ಉಪನ್ಯಾಸಕಿ ತಮ್ಮ ಮನೆಗೆ ಮರಳಿದ್ದಾರೆ. ಎರಡೂ ಚಿಲಕ ಹಾಕಿಯೇ ಮಲಗುತ್ತೇನೆ, ರೂಢಿ ಬಿಡವಲ್ದು ಎನ್ನುತ್ತಾರೆ.

ಆ ದಿನದ ಮೆಮೊರಿ ಕಾರ್ಡ್ ಅರ್ಜಿಯೊಂದಿಗೆ ಹೋಯಿತು. ಅದು ಪಾಠಕ್ಕೆ ಬರಕೂಡದು. ಪಾಠವನ್ನು ಹೊಸದಾಗಿ ಚಿತ್ರಿಸಬೇಕಾಯಿತು. ಉಪನ್ಯಾಸಕಿ, "ನಿಮ್ಮ ಮನ್ಯಾಗ ಮಾಡೂಣು ಕಾಕಾ. ಈ ಸಲ ನಾ ಮಾಡ್ತೀನಿ," ಎಂದರು. ನಮ್ಮ ಕೋಣೆಯ ಬಾಗಿಲಿಗೆ ಕ್ಯಾಮೆರಾ ಇಟ್ಟರು. ಅವರು ಕಡ್ಡಿ ಉರುಳಿಸಿ ಮೊದಲೆರಡು ಹನಿ ಹಾಕಿದರು. ಪೆರಾಕ್ಸೈಡ್ ಎತ್ತಿಕೊಂಡಾಗ ನಾನು ಉಸಿರು ಹಿಡಿದಿರುವುದು ನನ್ನ ಹೆಂಡತಿಗೆ ಕಂಡಿತು.

"ನಮ್ಮ ಮನಿ ಬಾಗಲಾರೀ," ಎಂದಳು ಮೆಲ್ಲಗೆ. "ಯಾಕ ಅಂಜಾಕತ್ತೀರಿ?"

ಹನಿ ಬಿತ್ತು. ಕಡ್ಡಿ ಬೆಳ್ಳಗೇ ಇತ್ತು. ಉಪನ್ಯಾಸಕಿ ಅದನ್ನು ನಿಯಮಕ್ಕಿಂತ ಬಹಳ ಹೊತ್ತು ಹಿಡಿದುಕೊಂಡೇ ನಿಂತರು. ಇಷ್ಟು ಹೊತ್ತು ಬೇಡ ಮೇಡಂ ಎಂದು ಹುಡುಗಿ ಹೇಳಲಿಲ್ಲ. ಆ ದೃಶ್ಯ ಕತ್ತರಿಯಾಗದೆ ಹಾಗೆಯೇ ಪಾಠದಲ್ಲಿದೆ.

ಧ್ವನಿ ಮುದ್ರಣಕ್ಕೆ ಅವರು ಹೊಸದಾಗಿ ನಾಲ್ಕು ಸಾಲು ಬರೆದು, ಒಪ್ಪಿಗೆಗೆಂದು ನನಗೆ ಕೊಟ್ಟರು. "ಸ್ವಚ್ಛ ಜಾಗದ ಕಡ್ಡಿಗೆ ಬಣ್ಣ ಬಂದರೆ ಕೆಲಸ ನಿಲ್ಲಿಸಿ. ಔಷಧಿಗಳನ್ನು ಮತ್ತೆ ಪರೀಕ್ಷಿಸಿ. ಔಷಧಿ ಸರಿಯಿದ್ದರೆ, ಜಾಗ ಸ್ವಚ್ಛವಾಗಿದೆ ಎಂದು ನಿಮಗೆ ಹೇಳಿದವರ ಬಳಿ ಹೋಗಿ. ಅವರನ್ನು ಒಬ್ಬರನ್ನೇ ಕೂರಿಸಿಕೊಂಡು, ಅವರಿಗೆ ಈಗ ಅಪಾಯವಿದೆಯೇ ಎಂದು ಕೇಳಿ."

ಕೊನೆಯ ಸಾಲು ಯಾವ ದೇಶದ ಯಾವ ಕೈಪಿಡಿಯಲ್ಲೂ ಇಲ್ಲ. ನಾನು ಕೆಂಪು ಪೆನ್ನಿನ ಮುಚ್ಚಳ ಹಾಕಿ, ಹಾಳೆಯನ್ನು ಹಾಗೆಯೇ ವಾಪಸ್ಸು ಕೊಟ್ಟೆ.